ಎಡದಡ, ಬಲದಡ

ಹದಿಮೂರು ವರ್ಷದ ಹಿಂದೆ, ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ ರಾದೊಯ್ಕಾ ಒಂದು ಮಾತು ಕೊಟ್ಟುಬಿಟ್ಟಳು. "ಒಂದನೇ ಆವೃತ್ತಿ ಬರೋದರೊಳಗೆ, ಕಣ್ಣು ಮುಚ್ಚಿಕೊಂಡೂ ದೋಣಿ ನಡೆಸೋ ಹಾಗೆ ಮಾಡಿಕೊಡ್ತೀವಿ, ಚಿಕಾ ವೆಲಿಜಾರ್. ಮಾತು ಕೊಟ್ಟೆ ಅಂತಲೇ ತಿಳ್ಕೊಳ್ಳಿ." ಒಂದು ಕಾಲಿಗೆ ಬೂಟು ಹಾಕಿ, ಇನ್ನೊಂದು ಬೂಟನ್ನು ಕಂಕುಳಲ್ಲಿ ಇಟ್ಟುಕೊಂಡು ಟೈಪ್ ಮಾಡಿದ ಸಾಲು ಅದು. ಬರೆದದ್ದು ಮಾತ್ರ ಜಗತ್ತಿಗೆಲ್ಲ ಕಾಣುವ ಜಾಗದಲ್ಲಿ. ಅಲ್ಲಿ ಬರೆದದ್ದು ಅಳಿಸಿಹೋಗುವುದಿಲ್ಲ.

ಸ್ಕೇಲಾ ಎಂಬುದು ಕಂಪ್ಯೂಟರಿನಲ್ಲಿ ಆಡುವ ಆಟ. ಸರಕು ತುಂಬಿದ ಉದ್ದನೆಯ ದೋಣಿಗಳನ್ನು ಹಿಂದಿನಿಂದ ತಳ್ಳಿಕೊಂಡು ಡ್ಯಾನ್ಯೂಬ್ ನದಿಯಲ್ಲಿ ಊರಿಂದ ಊರಿಗೆ ಹೋಗಬೇಕು, ಅಷ್ಟೇ. ಅದಕ್ಕೆ ಕಂಪನಿ ಇಲ್ಲ, ಮಾಲೀಕರಿಲ್ಲ, ಬೆಲೆ ಇಲ್ಲ. ಒಳಗಿನ ಕೋಡ್ ಎಲ್ಲರ ಮುಂದೆ ಬಿಚ್ಚಿಟ್ಟಿದೆ. ಬೇಕಾದವರು ತೆಗೆದು ನೋಡಬಹುದು, ತಿದ್ದಬಹುದು. ಹತ್ತಾರು ದೇಶದ ಜನ ತಮ್ಮ ತಮ್ಮ ಬಿಡುವಿನಲ್ಲಿ ಕೂತು ಕಟ್ಟಿದ್ದು. ಆಟ ಪುಕ್ಕಟೆಯಾದ್ದರಿಂದ ಬೇಡಿಕೆಗಳಿಗೆ ಕೊನೆಯೇ ಇರಲಿಲ್ಲ. ಒಬ್ಬನಿಗೆ ಕಡಲ್ಗಳ್ಳರು ಬೇಕು, ನದಿಯಲ್ಲಿ. ಒಬ್ಬಳಿಗೆ ದಡದಲ್ಲಿ ಕಲ್ಲಂಗಡಿ ಮಾರುವ ಅಜ್ಜಿ ಬೇಕು. ಒಬ್ಬ ಜರ್ಮನ್, ದೋಣಿಯ ಪಕ್ಕೆಯಲ್ಲಿ ಎರಡು ರಿವೆಟ್ ಕಡಿಮೆ ಇವೆ ಎಂದು ಫೋಟೋ ಸಮೇತ ಬರೆದಿದ್ದ.

ಈ ಬೇಡಿಕೆಗಳ ಪಟ್ಟಿ ನೋಡಿಕೊಳ್ಳುವವಳು ರಾದೊಯ್ಕಾ. ಒಂದೊಂದಕ್ಕೂ ಗುರುತು ಹಚ್ಚುವುದು ಅವಳ ಕೆಲಸ: ‘ಮಾಡೋಣ’, ‘ಬೇಡ’, ‘ಆಯಿತು’, ‘ನೋಡೋಣ’. ಕೊನೆಯದೇ ತಲೆನೋವು. ಅವಳ ಊರು ನೋವಿ ಸಾದ್‌ನಲ್ಲಿ ನಲ್ಲಿ ರಿಪೇರಿಯವನು ‘ನೋಡೋಣ’ ಅಂದರೆ ಜನ ಬೇರೆಯವನನ್ನು ಹುಡುಕಿಕೊಳ್ಳುತ್ತಾರೆ. ಜರ್ಮನರಿಗೂ ಡಚ್ಚರಿಗೂ ಅದು ತಿಳಿಯದು. ಮೂರು ತಿಂಗಳು ಬಿಟ್ಟು ಸರಿಯಾಗಿ ಬಂದು, "ನೋಡಿದಿರಾ?" ಎಂದು ಕೇಳುತ್ತಾರೆ.

ಹಗಲು ಹೊತ್ತು ಅವಳು ಊರಿನ ನೀರು ಸರಬರಾಜು ಕಚೇರಿಯಲ್ಲಿ ದೂರು ಬರೆದುಕೊಳ್ಳುವ ಕೌಂಟರಿನಲ್ಲಿ ಕೂರುತ್ತಿದ್ದಳು. ಅಲ್ಲಿಯೂ ನೋಡೋಣ, ಇಲ್ಲಿಯೂ ನೋಡೋಣ. ಮನೆಯಲ್ಲಿ ಎರಡು ಮಕ್ಕಳು. ಅವಕ್ಕೂ ಅದೇ ಉತ್ತರ.

ಚಿಕಾ, ಅಂದರೆ ಚಿಕ್ಕಪ್ಪ, ಎಂದು ತಾನು ಕರೆಯುವ ವೆಲಿಜಾರ್‌ಗೆ ಮಾತ್ರ ಅವಳು ನೋಡೋಣ ಎನ್ನಲಿಲ್ಲ. ಅದಕ್ಕೆ ಕಾರಣವಿತ್ತು. ಅವರು ನಲವತ್ತೊಂದು ವರ್ಷ ಡ್ಯಾನ್ಯೂಬಿನ ಮೇಲೆ ಚುಕ್ಕಾಣಿ ಹಿಡಿದು ನಿವೃತ್ತರಾಗಿ ಅಪಾತಿನ್ ಊರಿನಲ್ಲಿ ಇದ್ದವರು. ಆಟ ಇನ್ನೂ ಹಸುಗೂಸಾಗಿದ್ದಾಗ, ಯಾರೂ ಕೇಳದೆಯೇ, ಕೈಬರಹದ ನಲವತ್ತು ಪುಟ ಕಳಿಸಿದ್ದರು. ಎಲ್ಲಿ ಸೆಳೆತ, ಎಲ್ಲಿ ಮರಳು ದಿಬ್ಬ, ಯಾವ ತಿರುವಿನಲ್ಲಿ ನೀರು ಇಳಿದಾಗ ಕಲ್ಲು ಏಳುತ್ತದೆ, ಎಲ್ಲ ಅದರಲ್ಲಿತ್ತು. ಆಟದೊಳಗಿನ ನದಿ ಅಂದರೆ ಅವರ ನದಿಯೇ. ಕೊನೆಯ ಪುಟದ ಅಡಿಯಲ್ಲಿ ಒಂದು ಬೇಡಿಕೆ: ‘ನನಗೆ ಕಣ್ಣಿನ ಅಂಚಿನಿಂದ ಒಳಕ್ಕೆ ಕತ್ತಲು ಮುದುಡಿಕೊಂಡು ಬರುವ ಕಾಯಿಲೆ. ನಿಧಾನ ಬರುತ್ತದೆ, ಆದರೆ ಬರುತ್ತದೆ. ದಡ ಎಲ್ಲಿದೆ ಎಂದು ಕಿವಿಗೆ ತಿಳಿಯುವ ಹಾಗೆ ಮಾಡಲು ಆದೀತೇ?’ ಪಟ್ಟಿಯಲ್ಲಿ ಅದು ಇನ್ನೂರ ಹನ್ನೆರಡನೆಯದಾಗಿ ಸೇರಿತು. ಹೆಸರು ‘ದಡದ ಸದ್ದು’.

ಹದಿಮೂರು ವರ್ಷ ಆಟದ ಆವೃತ್ತಿ ಸೊನ್ನೆ ಬಿಂದು ಏನೋ ಒಂದು ಎಂದೇ ನಡೆಯಿತು. ಈ ವರ್ಷ ಕೊನೆಗೂ ಒಂದನೆಯದನ್ನು ತರುವುದೆಂದಾಯಿತು. ಅಕ್ಟೋಬರ್ ಕೊನೆಯ ಶನಿವಾರ. ತಿಂಗಳ ಮೊದಲ ದಿನ ಬಾಗಿಲು ಹಾಕಿದರು. ಬಾಗಿಲು ಹಾಕುವುದೆಂದರೆ, ಅಲ್ಲಿಂದ ಮುಂದೆ ಹೊಸದೇನೂ ಒಳಗೆ ಬರುವಂತಿಲ್ಲ, ಇದ್ದದ್ದರಲ್ಲಿ ದೋಷವಿದ್ದರೆ ಮಾತ್ರ ತಿದ್ದಬಹುದು. ಈ ನಿಯಮ ಬರೆದವಳೂ ರಾದೊಯ್ಕಾಳೇ. ಪಟ್ಟಿ ಮೇಲಿಂದ ಕೆಳಗೆ ಓಡಿಸಿ ನೋಡಿದಳು. ಒಂದನೇ ಆವೃತ್ತಿಗೆಂದು ಎತ್ತಿಟ್ಟಿದ್ದ ಬೇಡಿಕೆಗಳ ಮುಂದೆಲ್ಲ ಹಸಿರು ಬಣ್ಣದ ‘ಆಯಿತು’. ಇನ್ನೂರ ಹನ್ನೆರಡರ ಮುಂದೆಯೂ ಹಸಿರೇ.

ಎಂಟನೇ ತಾರೀಖು, ಕೌಂಟರಿನಲ್ಲಿ ಊಟದ ಬಿಡುವಿಗೆ ಚೀಸ್ ತುಂಬಿದ ಬುರೆಕ್‌ನ ಪೊಟ್ಟಣ ಬಿಚ್ಚುತ್ತಿದ್ದ ಹಾಗೆ ಫೋನ್ ಬಂತು.

"ಮಗನೇ, ನಿಮ್ಮ ಕಪ್ಪೆಗಳು ಬಹಳ ಚೆನ್ನಾಗಿ ಹಾಡ್ತವೆ," ಎಂದರು ವೆಲಿಜಾರ್. ಆ ಕಾಲದ ಹಿರಿಯರ ಬಾಯಲ್ಲಿ ಹೆಣ್ಣುಮಕ್ಕಳೂ ಮಗನೇ.

"ಥ್ಯಾಂಕ್ಸ್ ಚಿಕಾ ವೆಲಿಜಾರ್. ಪೋರ್ಚುಗಲ್‌ನೋರು ಒಬ್ಬರು ತಮ್ಮೂರ ಕೆರೇಲಿ ಕೂತು ರೆಕಾರ್ಡ್ ಮಾಡಿ ಕಳಿಸಿದ್ದು."

"ಹೌದಾ. ನಿನ್ನೆ ಆಟದಲ್ಲಿ ನಾಲ್ಕು ಸಲ ದಡಕ್ಕೆ ಗುದ್ದಿದೆ. ನಲವತ್ತೊಂದು ವರ್ಷದ ಸರ್ವಿಸ್‌ನಲ್ಲಿ ಗುದ್ದಿದ್ದು ಎರಡೇ ಸಲ. ಒಂದು ಸಲ ಕ್ಯಾಪ್ಟನ್ ಕುಡಿದಿದ್ದ. ಇನ್ನೊಂದು ಸಲ ನಾನು."

ಅವಳು ನಕ್ಕಳು. ಅವರು ನಗಲಿಲ್ಲ.

"ಮೊದಲೆಲ್ಲ ನೀರು ದಡಕ್ಕೆ ಬಡಿಯೋದು ಒಂಚೂರು ಕೇಳಿಸ್ತಿತ್ತು. ಎಡಕ್ಕೆ ಬಡಿದರೆ ಎಡಗಿವಿಗೆ, ಬಲಕ್ಕೆ ಬಡಿದರೆ ಬಲಗಿವಿಗೆ. ಅದನ್ನೇ ಹಿಡ್ಕೊಂಡು ಹೆಂಗೋ ನಡೆಸ್ತಿದ್ದೆ. ನೀವು ಅದನ್ನ ಇನ್ನೂ ಚೆನ್ನಾಗಿ ಮಾಡಿಕೊಡ್ತೀರಿ ಅಂದಿದ್ರಿ. ಈಗ ಎರಡೂ ಕಿವಿಯೊಳಗೆ ಕಪ್ಪೆ ಕೂತಿದೆ."

"ಕಣ್ಣು ಹೇಗಿದೆ ಈಗ?"

"ಸ್ಟ್ರಾ ಒಳಗಿಂದ ನೋಡಿದ ಹಾಗಿದೆ. ಹೊಸ ವರ್ಷದ ಹೊತ್ತಿಗೆ ಆ ತೂತೂ ಮುಚ್ಚುತ್ತೆ ಅಂತ ಡಾಕ್ಟರಮ್ಮ ಹೇಳಿದ್ಲು. ಅದಕ್ಕೇ ಅವಸರ. ಕಾಣೋವಾಗಲೇ ಕಿವಿಗೆ ಕಲಿಸಬೇಕು, ಈ ಸದ್ದು ಬಂದರೆ ಈ ದಡ ಅಂತ. ಕತ್ತಲಾದ ಮೇಲೆ ಕಲಿಸೋರು ಯಾರು?"

"ನೋಡೋಣ," ಎಂದು ಬಾಯಿಂದ ಜಾರಿಯೇಹೋಯಿತು.

"ನೀವು ನೋಡ್ಕೊಂಡಿರಿ, ಮಗನೇ. ನನಗೆ ಕೇಳಿಸಿದರೆ ಸಾಕು."

ಫೋನ್ ಇಟ್ಟ ಮೇಲೆ ರಾದೊಯ್ಕಾ ಇನ್ನೂರ ಹನ್ನೆರಡರ ಹಿನ್ನೆಲೆ ತೆಗೆದು ನೋಡಿದಳು. ಪಟ್ಟಿಯಲ್ಲಿ ಯಾವ ದಿನ ಯಾರು ಏನು ಮಾಡಿದರು ಎಂಬುದು ಸಾಲಾಗಿ ಇರುತ್ತದೆ. ಎರಡು ವರ್ಷದ ಹಿಂದೆ ಯಾರೋ ‘ದಡದ ಸದ್ದು’ ಎಂಬ ಬೇಡಿಕೆಯನ್ನು ‘ಇನ್ನೂ ಹೆಚ್ಚು ಸದ್ದು ಬೇಕು’ ಎಂಬ ಬೇರೊಂದರ ಜೊತೆ ಸೇರಿಸಿ, ಎರಡೂ ಒಂದೇ ಎಂದು ಬರೆದಿದ್ದರು. ಆ ಎರಡನೆಯದು ಪೋರ್ಚುಗಲ್‌ನ ಅನ್ಸೆಲ್ಮೋನದು. ಅವನು ಹೋದ ತಿಂಗಳು ಕಪ್ಪೆ ಕಳಿಸಿದ, ಕಪ್ಪೆ ಆಟದೊಳಗೆ ಬಂತು, ಅವನ ಬೇಡಿಕೆ ‘ಆಯಿತು’. ಅದರ ಬಾಲ ಹಿಡಿದು ಇದೂ ‘ಆಯಿತು’.

ಸೇರಿಸಿದವರ ಹೆಸರು ರಾದೊಯ್ಕಾ. ಆ ವಾರ ಎರಡೂ ಮಕ್ಕಳಿಗೆ ಸಿಡುಬಿನಂಥ ಗುಳ್ಳೆ ಎದ್ದಿತ್ತು, ಅವಳು ಹಾಸಿಗೆಯ ಪಕ್ಕ ಕೂತು ಒಂದೇ ಏಟಿಗೆ ತೊಂಬತ್ತು ಬೇಡಿಕೆ ತೀರಿಸಿ ಬಿಸಾಕಿದ್ದಳು. ತೊಂಬತ್ತರಲ್ಲಿ ಇದೊಂದು.

ಅವಳು ಕೋಡ್ ಬರೆಯುವವರ ಪೈಕಿ ಅಲ್ಲ, ಬರೆಯಲು ಬಾರದವಳೂ ಅಲ್ಲ. ಐದು ದಿನ ಊಟದ ಬಿಡುವಿನಲ್ಲಿ ಕೂತು ಬರೆದಳು. ಕಪ್ಪೆಗಳ ದನಿ ತಗ್ಗಿಸುವುದು ಹನ್ನೊಂದು ಸಾಲು. ಅದು ಸುಲಭ. ಅದರ ಕೆಳಗೆ ಇನ್ನೂ ನಲವತ್ತು ಸಾಲು: ಬಲದಡ ಎತ್ತರದ ಕಲ್ಲಿನ ದಡ, ಅಲ್ಲಿ ನೀರು ಕಲ್ಲಿಗೆ ಬಡಿಯುವ ಸದ್ದು, ಎಡದಡ ತಗ್ಗು, ಅಲ್ಲಿ ಗಾಳಿಗೆ ಜೊಂಡು ಉಜ್ಜುವ ಸದ್ದು, ದೋಣಿ ಹತ್ತಿರವಾದಷ್ಟೂ ಜೋರು. ಇದೂ ಆ ನಲವತ್ತು ಪುಟದಲ್ಲಿ ಇದ್ದದ್ದೇ. ಎಲ್ಲ ಸೇರಿಸಿ, ‘ದೋಷ: ಕಪ್ಪೆಗಳ ಸದ್ದಿನಲ್ಲಿ ದಡದ ಸದ್ದು ಮುಚ್ಚಿಹೋಗಿದೆ’ ಎಂಬ ತಲೆಬರಹ ಕೊಟ್ಟು ಒಪ್ಪಿಸಿದಳು.

ಒಳಗೆ ಬಿಡುವ ಕೀಲಿ ಇದ್ದದ್ದು ವ್ರಾತಿಸ್ಲಾವ್‌ನ ಕೈಯಲ್ಲಿ. ಜೆಕ್ ದೇಶದವನು, ಆಟದ ಮುಕ್ಕಾಲು ಪಾಲು ಕೋಡ್ ಅವನದೇ. ಹತ್ತು ವರ್ಷದ ಸ್ನೇಹ, ಮುಖ ಕಂಡದ್ದು ಪರದೆಯ ಮೇಲೆ ಮಾತ್ರ. ಶನಿವಾರ ಮಧ್ಯಾಹ್ನ ಅವನೇ ಕರೆ ಮಾಡಿದ. ಅಡುಗೆಮನೆಯ ಮೇಜಿನ ಮೇಲೆ ಸುಟ್ಟ ಕೆಂಪು ದೊಣ್ಣೆಮೆಣಸಿನ ರಾಶಿ. ಚಳಿಗಾಲಕ್ಕೆ ಐವಾರ್ ಎಂಬ ಮೆಣಸಿನ ಗೊಜ್ಜು ಮಾಡಿಡುವ ಕಾಲ. ಅವಳೂ ಗಂಡ ಸಿನಿಶಾನೂ ಎದುರುಬದುರು ಕೂತು ಸಿಪ್ಪೆ ಸುಲಿಯುತ್ತಿದ್ದರು. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿ ಇಟ್ಟಳು.

"ಮೊದಲ ಹನ್ನೊಂದು ಸಾಲು ದೋಷ, ಒಪ್ಪಿದೆ," ಎಂದ ವ್ರಾತಿಸ್ಲಾವ್. "ಕೆಳಗಿನ ನಲವತ್ತು ಏನು?"

"ಅದೂ ಅದರದ್ದೇ ಮುಂದುವರಿದ ಭಾಗ."

"ಎಡಕ್ಕೊಂದು ಸದ್ದು, ಬಲಕ್ಕೊಂದು ಸದ್ದು, ಹತ್ತಿರ ಹೋದರೆ ಜೋರು. ಇದು ಯಾವತ್ತು ಇತ್ತು ಕೆಟ್ಟುಹೋಗೋಕೆ? ಹೊಸದು ರಾದೊಯ್ಕಾ ಇದು. ಬೇಡಿಕೆ. ಬೇಡಿಕೆಗೆ ದೋಷದ ಅಂಗಿ ಹಾಕಿ ಕಳಿಸಿದ್ದೀಯ. ನಾನೇನು ಕುರುಡನಾ?"

ಸಿನಿಶಾನ ಕೈಯಿಂದ ಒಂದು ಮೆಣಸು ಬೋಗುಣಿಗೆ ಜಾರಿ ಬಿತ್ತು.

"ಆ ಮಾತು ವಾಪಸ್ ತಗೊಂಡೆ," ಎಂದ ವ್ರಾತಿಸ್ಲಾವ್.

"ಮುಂದಿನ ಆವೃತ್ತಿ ಯಾವಾಗ?"

"ಎಲ್ಲರಿಗೂ ಸುಸ್ತಾಗಿದೆ. ಒಂದೂವರೆ ವರ್ಷ ಅಂತ ಇಟ್ಕೋ."

"ಅವರಿಗೆ ಇರೋದು ಎರಡೂವರೆ ತಿಂಗಳು."

ಸಿನಿಶಾ ಬಾಯಿ ಹಾಕಿದ. "ಒಂದು ಕೆಲಸ ಮಾಡಿ. ಇದಕ್ಕೆ ಒಂದು ಅಂತ ಹೆಸರೇ ಇಡಬೇಡಿ. ಸೊನ್ನೆ ಬಿಂದು ತೊಂಬತ್ತೊಂಬತ್ತು ಅನ್ನಿ. ಮಾತು ಕೊಟ್ಟಿದ್ದು ಒಂದನೇ ಆವೃತ್ತಿಗೆ ತಾನೇ? ಒಂದು ಬರೋವರೆಗೆ ರಾದಾ ಮಾತು ತಪ್ಪಿದ ಹಾಗಾಗಲ್ಲ. ಇನ್ನೂ ಹದಿಮೂರು ವರ್ಷ ಆರಾಮಾಗಿರಬಹುದು."

"ನೀನು ಮೆಣಸು ಸುಲಿ," ಎಂದಳು ರಾದೊಯ್ಕಾ.

"ಸುಲೀತಾನೇ ಇದ್ದೀನಿ. ನಿನ್ನ ಬೋಗುಣಿಲೇ ಸಿಪ್ಪೆ ಇರೋದು, ನೋಡು."

ವ್ರಾತಿಸ್ಲಾವ್ ಹೇಳಿದ, "ಅನ್ಸೆಲ್ಮೋನ ನಾಯಿ ವಿಷಯ ಜನ ಮರೆತಿಲ್ಲ."

ಅದನ್ನು ಅವಳೂ ಮರೆತಿರಲಿಲ್ಲ. ದೋಣಿಯ ಮೇಲೆ ಒಂದು ನಾಯಿ ಇರಲಿ ಎಂಬುದು ಪಟ್ಟಿಯಲ್ಲೇ ಅತಿ ಹೆಚ್ಚು ಮತ ಬಿದ್ದ ಬೇಡಿಕೆ. ಆರುನೂರ ಹನ್ನೆರಡು ಮತ. ನಾಯಿ ನಡೆಯಬೇಕು, ಬೊಗಳಬೇಕು, ನೀರಿಗೆ ಬಿದ್ದರೆ ಎತ್ತಬೇಕು. ಕೆಲಸ ಜಾಸ್ತಿ ಎಂದು ‘ನೋಡೋಣ’ದಲ್ಲಿ ಕೂತಿತ್ತು. ಹೋದ ವರ್ಷ ಹೀಗೆಯೇ ಬಾಗಿಲು ಹಾಕಿದ್ದಾಗ ಅನ್ಸೆಲ್ಮೋ, ‘ದೋಷ: ದೋಣಿಯಲ್ಲಿ ನಾಯಿ ಕಾಣಿಸುತ್ತಿಲ್ಲ’ ಎಂದು ಹಾಕಿದ. ಎಲ್ಲರೂ ನಕ್ಕರು. ರಾದೊಯ್ಕಾ ನಗಲಿಲ್ಲ. ಬೇಡಿಕೆಗೆ ದೋಷದ ಹೆಸರಿಟ್ಟು ಒಳಗೆ ತರಲು ನೋಡಿದವರು ಆರು ತಿಂಗಳು ಪಟ್ಟಿ ಮುಟ್ಟುವಂತಿಲ್ಲ ಎಂದು ನಿಯಮ ಬರೆದು, ಅದನ್ನು ಮೊದಲು ಅವನ ಮೇಲೆಯೇ ಹೊರಿಸಿದಳು. ಅವನು ಸಂಗೀತದ ಮೇಷ್ಟ್ರು, ಅರವತ್ತರ ಹತ್ತಿರದವನು. ಆರು ತಿಂಗಳು ತುಟಿ ಬಿಚ್ಚದೆ ಶಿಕ್ಷೆ ಅನುಭವಿಸಿದ.

"ಅವನಿಗೊಂದು ನ್ಯಾಯ, ನಿನಗೊಂದು ನ್ಯಾಯ ಅಂತ ಆಗಬಾರದು," ಎಂದ ವ್ರಾತಿಸ್ಲಾವ್. "ಹೊಸದನ್ನ ಬಾಗಿಲು ಹಾಕಿದ ಮೇಲೆ ತರಬೇಕಾದರೆ ದಾರಿ ಇದೆ. ಬೇಡಿಕೆ ಅಂತ ಒಪ್ಕೊಂಡು ಎಲ್ಲರ ಮುಂದೆ ಇಡು. ಎರಡು ದಿನ. ಯಾರೂ ‘ಬೇಡ’ ಅನ್ನದಿದ್ದರೆ ಒಳಗೆ ಬಿಡ್ತೀನಿ. ಒಂದೇ ಒಂದು ‘ಬೇಡ’ ಬಂದರೂ ಬಿಡಲ್ಲ."

"ನಿಯಮ?"

"ಅದು ನೀನು ಬರೆದಿದ್ದು. ಯಾರ ಮೇಲೆ ಹಾಕ್ತೀಯೋ ನೀನೇ ನೋಡ್ಕೋ."

ಕೈ ತೊಳೆದುಕೊಂಡು ಅವಳು ಅಲ್ಲೇ ಬರೆದಳು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು. ಇನ್ನೂರ ಹನ್ನೆರಡನ್ನು ಬೇರೆ ಬೇಡಿಕೆಯ ಜೊತೆ ಸೇರಿಸಿದ್ದು ನನ್ನ ತಪ್ಪು. ಈ ಐವತ್ತೊಂದು ಸಾಲಿನಲ್ಲಿ ಹನ್ನೊಂದು ದೋಷದ ತಿದ್ದುಪಡಿ, ನಲವತ್ತು ಹೊಸ ಬೇಡಿಕೆ; ಎಲ್ಲವನ್ನೂ ದೋಷ ಎಂದು ಕರೆದದ್ದೂ ತಪ್ಪೇ. ವೆಲಿಜಾರ್ ಅವರ ಕಣ್ಣಿಗೆ ಉಳಿದಿರುವ ಕಾಲ ಇಷ್ಟು. ಬೇಡ ಎನ್ನುವವರು ಸೋಮವಾರ ಮಧ್ಯಾಹ್ನ ಎರಡರೊಳಗೆ ಹೇಳಿ. ಏನೇ ಆದರೂ ಇವತ್ತಿನಿಂದ ಆರು ತಿಂಗಳು ನಾನು ಪಟ್ಟಿ ಮುಟ್ಟುವುದಿಲ್ಲ.

ಬರೆದು, ತನ್ನ ಹೆಸರಿನ ಮುಂದಿದ್ದ ಅಧಿಕಾರವನ್ನು ತಾನೇ ತೆಗೆದುಹಾಕಿದಳು. ಒಂದು ಗುಂಡಿ ಒತ್ತಿದರೆ ಆಗುವ ಕೆಲಸ.

ಸಂಜೆಯ ಹೊತ್ತಿಗೆ ಮೂವತ್ತು ಜನ ಹೆಬ್ಬೆರಳು ಎತ್ತಿದ್ದರು. ರಿವೆಟ್ಟಿನ ಜರ್ಮನ್, ನಲವತ್ತು ಸಾಲಿನಲ್ಲಿ ಎರಡು ಕಡೆ ಖಾಲಿ ಜಾಗ ಹೆಚ್ಚಾಗಿದೆ ಎಂದು ತಿಳಿಸಿದ. ಅವಳು ಕಾದದ್ದು ಒಂದೇ ಹೆಸರಿಗೆ. ಭಾನುವಾರ ಬೆಳಿಗ್ಗೆ ಅದು ಬಂತು.

‘ನಾಯಿ ಇಲ್ಲದಿರುವುದು ದೋಷವಲ್ಲ. ದಡ ಕೇಳಿಸದಿರುವುದು ದೋಷ. ಪಾಠ ಕಲಿತೆ,’ ಎಂದು ಬರೆದಿದ್ದ ಅನ್ಸೆಲ್ಮೋ. ಅದರ ಕೆಳಗೆ, ‘ನನ್ನ ಕಪ್ಪೆಗಳ ಬಾಯಿ ಮುಚ್ಚಿಸುತ್ತೀರಿ. ಸರಿ. ಅದೇ ಬಾಗಿಲಿನಿಂದ ನನ್ನ ನಾಯಿಯೂ ಬರಲಿ. ಆಗ ನಾನು ಬೇಡ ಅನ್ನುವುದಿಲ್ಲ.’

ಸಿನಿಶಾ ಅವಳ ಹೆಗಲ ಮೇಲಿಂದ ಓದಿದ. "ಕೊಟ್ಟುಬಿಡು ಮಾರಾಯ್ತಿ. ಒಂದು ನಾಯಿ ತಾನೇ?"

"ಒಂದು ನಾಯಿಯ ಹಿಂದೆ ಮೂವತ್ತು ಬರ್ತವೆ. ಕಲ್ಲಂಗಡಿ ಅಜ್ಜಿ ಆಗಲೇ ಚಪ್ಪಲಿ ಹಾಕ್ಕೊಂಡು ನಿಂತಿದ್ದಾಳೆ."

"ಅವನು ಬೇಡ ಅಂದುಬಿಟ್ಟರೆ?"

"ಅಂದರೆ ಅಂದ."

ಅವಳ ಉತ್ತರ ಎರಡು ಸಾಲು: ‘ನಾಯಿ ಬರುವುದಿಲ್ಲ. ನಿಮ್ಮ ‘ಬೇಡ’ ನಿಮ್ಮ ಹಕ್ಕು, ಬಳಸುವುದಾದರೆ ಬಳಸಿ. ಅದಕ್ಕೆ ಮುಂಚೆ ಒಂದು ಸಲ ಕಣ್ಣು ಕಟ್ಟಿಕೊಂಡು ಆಡಿ ನೋಡಿ.’

ಭಾನುವಾರ ಉಳಿದ ಹೊತ್ತೆಲ್ಲ ಏನೂ ಬರಲಿಲ್ಲ. ಅವಳು ಮಕ್ಕಳ ಬಟ್ಟೆ ಒಗೆದಳು, ಐವಾರ್ ಕದಡಿದಳು, ಹದಿನಾರು ಬಾಟಲಿ ಮುಚ್ಚಿ ಕಂಬಳಿ ಹೊದಿಸಿಟ್ಟಳು. ಸೋಮವಾರ ಕೌಂಟರಿನಲ್ಲಿ ಒಬ್ಬ ಮುದುಕಿ ತನ್ನ ನಲ್ಲಿಯಲ್ಲಿ ಮೂರು ದಿನದಿಂದ ಕಂದು ನೀರು ಬರುತ್ತಿದೆಯೆಂದು ಬಾಟಲಿ ಅಲ್ಲಾಡಿಸಿ ತೋರಿಸುತ್ತಿದ್ದಾಗ ಫೋನು ಗುಂಯ್ ಎಂದಿತು. ಒಂದೂ ನಲವತ್ತು. ಮುದುಕಿ ಹೋಗುವವರೆಗೆ ಅವಳು ಫೋನ್ ಮುಟ್ಟಲಿಲ್ಲ.

ಅನ್ಸೆಲ್ಮೋ ಬರೆದಿದ್ದ. ಹೆಂಡತಿಯ ಸ್ಕಾರ್ಫಿನಲ್ಲಿ ಕಣ್ಣು ಕಟ್ಟಿಕೊಂಡು ಆಡಿದನಂತೆ. ಹನ್ನೊಂದು ಸಲ ದಡಕ್ಕೆ ಗುದ್ದಿದನಂತೆ. ಬಲಗಡೆಯ ಕಲ್ಲು ತಕ್ಷಣ ತಿಳಿಯುತ್ತದೆ, ಎಡಗಡೆಯ ಜೊಂಡು ಗಾಳಿಯೋ ದಡವೋ ಗೊತ್ತಾಗುವುದಿಲ್ಲ. ‘ಅಮ್ಮಾ ತಾಯಿ, ಜೊಂಡು ಇರುವ ಕಡೆ ತಾನೇ ಕಪ್ಪೆ ಇರುವುದು? ಕಲ್ಲಿನ ದಡದಲ್ಲಿ ಯಾವ ಕಪ್ಪೆ ಕೂತು ಹಾಡುತ್ತದೆ? ಎರಡೂ ಕಡೆ ಹಾಕಿದ ದಡ್ಡರು ಯಾರು? ನಾನೇ ಇರಬೇಕು. ಬಾಯಿ ಮುಚ್ಚಿಸಬೇಡಿ. ಎಡಕ್ಕೆ ಮಾತ್ರ ಹಾಕಿ. ಹತ್ತಿರ ಹೋದಷ್ಟೂ ಜೋರಾಗಿ ಹಾಡಲಿ.’

ಕೊನೆಗೆ, ‘ಬೇಡ ಅನ್ನುತ್ತಿಲ್ಲ. ನಾಯಿಯನ್ನು ಮರೆತೂ ಇಲ್ಲ.’

ಎರಡು ಗಂಟೆಗೆ ಗಡುವು ಮುಗಿಯಿತು. ಬೇರೆ ಯಾರೂ ಬೇಡ ಎಂದಿರಲಿಲ್ಲ. ವ್ರಾತಿಸ್ಲಾವ್ ಹನ್ನೊಂದು ಸಾಲು ತೆಗೆದುಹಾಕಿ, ಆ ಜಾಗದಲ್ಲಿ ಕಪ್ಪೆಗಳನ್ನು ಎಡದಡಕ್ಕೆ ಸಾಗಿಸುವ ಆರು ಸಾಲು ತಾನೇ ಬರೆದು, ಎರಡು ಖಾಲಿ ಜಾಗವನ್ನೂ ಸರಿಮಾಡಿ ಒಳಗೆ ಬಿಟ್ಟ. ‘ನಿನ್ನ ಕೋಡ್ ಇಷ್ಟು ಕೆಟ್ಟದಾಗಿರುತ್ತೆ ಅಂದ್ಕೊಂಡಿರಲಿಲ್ಲ,’ ಎಂದು ಬೇರೆಯಾಗಿ ಒಂದು ಸಾಲು ಕಳಿಸಿದ. ಪಟ್ಟಿ ನೋಡಿಕೊಳ್ಳಲು ಯಾರಾದರೂ ಬೇಕಿತ್ತಲ್ಲ; ಆರು ತಿಂಗಳಿಗೆ ಅನ್ಸೆಲ್ಮೋ ಒಪ್ಪಿಕೊಂಡ. ಮೊದಲ ದಿನವೇ ನಾಯಿಗೆ ‘ಮಾಡೋಣ’ ಹಚ್ಚಿ, ಯಾರು ಮಾಡುತ್ತಾರೆ ಎಂದು ಕೇಳಿದ. ಯಾರೂ ಕೈಯೆತ್ತಲಿಲ್ಲ. ಮೂರನೇ ದಿನ ಅವನೇ ಅದನ್ನು ‘ನೋಡೋಣ’ಕ್ಕೆ ತಂದಿಟ್ಟ.

ಅಕ್ಟೋಬರ್ ಕೊನೆಯ ಶನಿವಾರ ಬೆಳಿಗ್ಗೆ ವೆಲಿಜಾರ್ ಅವಳಿಗೆ ಫೋನ್ ಮಾಡಿದರು. ಬಿಡುಗಡೆಗೆ ಮುಂಚೆ ಪರೀಕ್ಷೆಗೆಂದು ಇಟ್ಟಿದ್ದ ಪ್ರತಿಯಲ್ಲಿ ಕಣ್ಣು ಮುಚ್ಚಿಕೊಂಡು ಅಪಾತಿನ್‌ನಿಂದ ನೋವಿ ಸಾದ್‌ವರೆಗೆ ಬಂದಿದ್ದರು. ಒಂದು ಕಡೆ ಮರಳು ದಿಬ್ಬಕ್ಕೆ ಹತ್ತಿಸಿದ್ದರು, ಅದು ಸದ್ದಿನ ತಪ್ಪಲ್ಲ, ತನ್ನದೇ ಮರೆವು ಎಂದರು.

"ಒಂದು ಮಾತು, ಮಗನೇ. ಆಟದಲ್ಲಿ ಡಿಸೆಂಬರ್ ಬಂದರೂ ಕಪ್ಪೆ ಹಾಡ್ತಾ ಇದೆ. ಡಿಸೆಂಬರ್‌ನಲ್ಲಿ ಎಲ್ಲಿಯ ಕಪ್ಪೆ?"

"ಬೇಡಿಕೆ ಅಂತ ಪಟ್ಟಿಗೆ ಹಾಕಿ ಚಿಕಾ ವೆಲಿಜಾರ್. ನಾನೀಗ ಮುಟ್ಟೋ ಹಾಗಿಲ್ಲ."

"ಬೇಡಿಕೆ ಅಲ್ಲ ಇದು, ದೋಷ."

"ಅದನ್ನ ಅನ್ಸೆಲ್ಮೋಗೆ ಹೇಳಿ."

ಅವತ್ತು ಸಂಜೆ ಐದಕ್ಕೆ ಸ್ಕೇಲಾದ ಒಂದನೇ ಆವೃತ್ತಿ ಹೊರಬಂತು. ಅದರಲ್ಲಿ ಎರಡು ದಡವೂ ಕಿವಿಗೆ ಕೇಳಿಸುತ್ತಿದ್ದವು. ಹದಿಮೂರು ವರ್ಷದ ಹಿಂದೆ ಕೊಟ್ಟ ಮಾತು ನಡೆಯಿತು.